ಸತ್ತ ಬೇರಿನ ನಡಿಗೆ

ಜೂನ್ 6

ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಎರಡನೇ ಸಾಲಿಗೇ ‘ಏನು ಮಾಡಿಕೊಂಡನೋ ಇವನು’ ಎಂದು ತಂಗಿಯ ಮುಂದೆ ಶುರುಮಾಡುತ್ತೀಯ. ತಂಗಿ ಎದ್ದು ಓಡಾಡುತ್ತಿದ್ದಾಳಾ? ಕೂಸು ಯಾರ ಹಾಗಿದೆ? ಸೋದರಮಾವನ ಹಾಗೆ ಪುಕ್ಕಲು ಮಾತ್ರ ಆಗದಿದ್ದರೆ ಸಾಕು.

ನೀನು ನಿವೃತ್ತಳಾಗಿ ಬಿಟ್ಟುಹೋದ ಕೆಲಸಕ್ಕೆ ನಾನು ಸೇರಿ ತಿಂಗಳಾಯಿತು. ಬೇರುಮನೆ ನನಗಿನ್ನೂ ಒಗ್ಗಿಲ್ಲ. ಸಂಶೋಧನಾ ಕೇಂದ್ರದ ಅಂಜೂರದ ತೋಟದ ನಡುವೆ ಆ ಕಬ್ಬಿಣದ ಬಾಗಿಲು ತೆಗೆದು ಮೆಟ್ಟಿಲಿಳಿಯುವಾಗಲೇ ಕಾಲು ಹಿಂದೆಗೆಯುತ್ತದೆ. ಗುಡ್ಡದ ಹೊಟ್ಟೆಯೊಳಗೆ ಉದ್ದನೆಯ ಕಾಂಕ್ರೀಟು ಓಣಿ, ಎರಡೂ ಪಕ್ಕ ಗಾಜಿನ ಕಿಟಕಿಗಳು, ಗಾಜಿನಾಚೆ ಮಣ್ಣು. ಮಣ್ಣಿನೊಳಗೆ ನಿಂತು ಮಣ್ಣನ್ನು ಪಕ್ಕದಿಂದ ನೋಡುವ ಭಾಗ್ಯ ಹೆಣಕ್ಕೆ ಬಿಟ್ಟರೆ ನಮಗೇ. ಬೇರಿಗೆ ಬೆಳಕು ಆಗದೆಂದು ಕಿಟಕಿಗೆ ಮರದ ಹಲಗೆ ಮುಚ್ಚಿರುತ್ತಾರಲ್ಲ, ಅದನ್ನು ಸರಿಸುವಾಗ ಆಚೆಯಿಂದ ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನಿಸುತ್ತದೆ. ನಗಬೇಡ.

ಕೆಲಸವೇನೋ ತಿಳಿದಿದೆ. ಗಾಜಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡುವುದು, ಕಾಣುವ ಬೇರುಗಳ ಮೇಲೆಲ್ಲ ಪೆನ್ನಾಡಿಸುವುದು. ವಾರಕ್ಕೊಂದು ಬಣ್ಣ. ಆಮೇಲೆ ಆಫೀಸಿನಲ್ಲಿ ಕೂತು ಆ ಗೆರೆಗಳ ಮೇಲೆ ಪುಟ್ಟ ಗಾಲಿ ಉರುಳಿಸಿ ಉದ್ದ ಅಳೆಯುವುದು. ಹೋದ ವಾರಕ್ಕಿಂತ ಎಷ್ಟು ಹೆಚ್ಚಾಯಿತೋ ಅಷ್ಟು ಬೇರು ಬೆಳೆದಿದೆ ಎಂದು ಲೆಕ್ಕ. ಹಾಳೆ ಅಲ್ಲಾಡದಂತೆ ಕಿಟಕಿಯ ನಾಲ್ಕು ಮೂಲೆಯ ಮೊಳೆಗಳಿಗೆ ಸಿಕ್ಕಿಸಿ ಎಂದು ಗೋಡೆಯ ಮೇಲೆ ಬರೆದಿರುವುದರಿಂದ ನಾನು ಹಾಗೇ ಸಿಕ್ಕಿಸಿದೆ.

ಅದರಿಂದಲೇ ಬೈಸಿಕೊಂಡದ್ದು. ಈ ವಾರದ ಹಾಳೆಯನ್ನು ಹೋದ ವಾರದ್ದರ ಮೇಲಿಟ್ಟರೆ ಒಂದು ಬೇರೂ ಒಂದರ ಮೇಲೊಂದು ಕೂರಲಿಲ್ಲ. ಎಲ್ಲವೂ ಉಗುರಿನ ದಪ್ಪದಷ್ಟು ಇಳಿಜಾರಿನ ಕಡೆಗೆ ಸರಿದಿದ್ದವು. ಸಾಹೇಬರು ಕನ್ನಡಕ ಹಣೆಗೇರಿಸಿ, “ಹಾಳೆ ಜಾರಿದೆ ಕಣ್ರೀ. ಕೈ ನಡುಗುತ್ತಾ ನಿಮಗೆ?” ಎಂದರು. ಆಮೇಲೆ ಹಾಳೆಯ ಮೂಲೆ ನೋಡಿ ಜೋರಾಗಿ ನಕ್ಕರು. “ಇದೇನ್ರೀ ಇದು? ಗಾಜಿನ ಮೇಲಿನ ಗೀರನ್ನೂ ಬೇರು ಅಂತ ಎಳೆದಿದ್ದೀರಲ್ಲ! ಮುಂದಿನ ವಾರ ಅದು ಎಷ್ಟು ಬೆಳೆಯುತ್ತೆ ನೋಡಿ ಹೇಳಿ.”

ಆಫೀಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಫೋನು ಸಾಹೇಬರ ಮೇಜಿನ ಮೇಲಿದೆ, ಅವರ ಎದುರಿಗೆ ನಿನ್ನ ಹತ್ತಿರ ಏನೆಂದು ಹೇಳಿಕೊಳ್ಳಲಿ? ಅದಕ್ಕೇ ಈ ಪತ್ರ.

ನಿನ್ನ ಮೊಮ್ಮಗಳು ಗುಬ್ಬಿ ಎರಡನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಅದೇ ಶಾಲೆ, ನಮ್ಮ ಗುಡ್ಡದ ಬುಡದ್ದು. ತೋಟದಲ್ಲಿ ನಿಂತರೆ ಅವರ ಪ್ರಾರ್ಥನೆ ಕೇಳಿಸುತ್ತದೆ.

ನಿನ್ನ ಮಗ

*

ಜೂನ್ 14

ಮಗನೇ,

ನಿನ್ನ ಪತ್ರವನ್ನು ತಂಗಿಗೆ ಓದಿ ಹೇಳಿದೆ. ಗೀರಿನ ಸುದ್ದಿ ಬಂದಾಗ ಅವಳು ಹೊಲಿಗೆ ನೋಯುತ್ತದೆ ನಗಿಸಬೇಡ ಎಂದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಕಂಡದ್ದನ್ನೆಲ್ಲ ಎಳೆಯುತ್ತ ಕೂತರೆ ನಾಳೆ ಗಾಜಿನ ಮೇಲೆ ಕೂತ ಇರುವೆಯನ್ನೂ ಎಳೆದು ಕಾಲು ಅಳೆಯುತ್ತೀಯ.

ಈಗ ಕೆಲಸದ ಮಾತು ಕೇಳು. ಆ ಮೊಳೆಗಳನ್ನು ಯಾರು ನಂಬು ಎಂದರು? ತುಕ್ಕು ಹಿಡಿದು ಎಷ್ಟೋ ವರ್ಷವಾಯಿತು. ಮೂರನೇ ಕಿಟಕಿಯ ನಡುವೆ ಹೆಬ್ಬೆರಳು ಗಾತ್ರದ ಕಪ್ಪು ಬೇರೊಂದಿದೆ, ನೋಡಿರಬೇಕು. ನಾನು ಕೆಲಸಕ್ಕೆ ಸೇರುವಾಗಲೇ ಅದು ಸತ್ತಿತ್ತು. ನಾವು ಅದಕ್ಕೆ ಅಜ್ಜ ಎನ್ನುತ್ತಿದ್ದೆವು. ಎಲ್ಲ ಬೇರೂ ಬೆಳೆಯುತ್ತದೆ, ಬಾಗುತ್ತದೆ, ಅಜ್ಜ ಮಾತ್ರ ಇದ್ದಲ್ಲೇ ಇರುತ್ತಾನೆ. ಹಳೆ ಹಾಳೆಯ ಅಜ್ಜನನ್ನು ಗಾಜಿನಾಚೆಯ ಅಜ್ಜನ ಮೇಲೆ ಕೂಡಿಸು, ಆಮೇಲೆ ಹೊಸ ಹಾಳೆ ಇಡು. ಮಿಕ್ಕದ್ದೆಲ್ಲ ತಾನಾಗಿ ಕೂರುತ್ತದೆ. ಪ್ರತಿ ಕಿಟಕಿಯಲ್ಲೂ ಅಂಥದ್ದೊಂದು ಸತ್ತ ಬೇರು ಸಿಗುತ್ತದೆ. ನಾನು ಕಲಿತದ್ದು ಹಾಗೆ, ನನಗೆ ಕಲಿಸಿದವಳು ಕಲಿತದ್ದೂ ಹಾಗೆ. ನನ್ನ ಹಾಳೆ ಒಂದು ದಿನವೂ ಜಾರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಜಾತಿಗೆ ಸೇರಬೇಡ. ನೀನು ಹುಟ್ಟಿದಾಗಿನಿಂದ ಹಗ್ಗ ಕಂಡರೆ ಹಾವು ಎನ್ನುವವನು. ಮೂವತ್ತು ದಾಟಿದ ಮೇಲಾದರೂ ಹಗ್ಗವನ್ನು ಹಗ್ಗ ಎನ್ನು. ಗುಬ್ಬಿ ನಿನ್ನನ್ನು ನೋಡಿ ಕಲಿಯುತ್ತಾಳೆ.

ಸೊಸೆಗೆ ಹೇಳು, ಅವಳು ಕಳಿಸಿದ ಉಲ್ಲನ್ ಟೋಪಿ ಕೂಸಿಗೆ ದೊಡ್ಡದು, ಅಳಿಯನಿಗೆ ಸರಿಹೋಗುತ್ತದೆ.

ನಿನ್ನ ಅಮ್ಮ

*

ಜೂನ್ 28

ಅಮ್ಮ,

ನೀನು ಹೇಳಿದಂತೆ ಅಜ್ಜನಿಗೆ ಕೂಡಿಸಿ ಹಾಳೆ ಎಳೆದೆ. ಎಷ್ಟು ಚೆನ್ನಾಗಿ ಕೂತಿತು ಎಂದರೆ ನನಗೇ ನಾಚಿಕೆಯಾಯಿತು. ಅಲ್ಲಿಗೇ ಬಿಡಬೇಕಿತ್ತು. ಮನಸ್ಸು ತಡೆಯಲಿಲ್ಲ. ಸಾಹೇಬರಿಗೆ ಕೊಡದೆ ನನಗೆಂದೇ ಇನ್ನೊಂದು ಹಾಳೆಯನ್ನು ಮೊಳೆಗೆ ಸಿಕ್ಕಿಸಿ ಎಳೆದೆ. ಅಮ್ಮ, ಮತ್ತೆ ಸರಿದಿದೆ. ಮೊದಲಿಗಿಂತ ಹೆಚ್ಚು, ಮೊದಲಿನ ದಿಕ್ಕಿಗೇ. ಹಾಳೆ ಜಾರುವುದಾದರೆ ಒಮ್ಮೆ ಆಚೆ ಒಮ್ಮೆ ಈಚೆ ಜಾರಬೇಡವೇ?

ಇನ್ನೊಂದು ವಿಷಯ. ತೋಟದ ಇಳಿಜಾರಿನಲ್ಲಿ ನೆಟ್ಟಿರುವ ಪ್ಲಾಸ್ಟಿಕ್ ಕೊಳವೆ ನಿನಗೆ ಗೊತ್ತು, ಕೋಲಿನ ತುದಿಗೆ ಕನ್ನಡಿ ಕಟ್ಟಿ ಒಳಗಿಳಿಸಿ ಆಳದ ಬೇರು ನೋಡುತ್ತೇವಲ್ಲ, ಅದು. ನನ್ನ ಸೊಂಟದಷ್ಟು ಆಳಕ್ಕೆ ಹೋಗಿ ಕೋಲು ನಿಂತುಬಿಡುತ್ತದೆ. ಒತ್ತಿದರೂ ಇಳಿಯುವುದಿಲ್ಲ. “ಕೋಲು ಬಾಗಿದೆ, ಬದಲಾಯಿಸಿ” ಎಂದರು ಸಾಹೇಬರು. ಕೋಲನ್ನು ಆಫೀಸಿನ ನೆಲದ ಮೇಲೆ ಮಲಗಿಸಿ ನೋಡಿದೆ, ನೂಲು ಹಿಡಿದಷ್ಟು ನೆಟ್ಟಗಿದೆ. ಹಾಗಾದರೆ ಬಾಗಿರುವುದು ಕೊಳವೆ. ನೆಲದೊಳಗಿನ ಕೊಳವೆಯನ್ನು ಯಾರು ಬಾಗಿಸಿದರು?

ಮಳೆ ಬಿಟ್ಟಿಲ್ಲ. ನಿನ್ನೆ ಊಟಕ್ಕೆ ಕೂತಾಗ ಗುಬ್ಬಿ, “ಅಪ್ಪಾ, ನಮ್ ಕ್ಲಾಸ್ ಬಾಗಿಲು ಹಾಕೋಕೇ ಬರಲ್ಲ, ಪ್ಯೂನ್ ತಾತ ಒದ್ದು ಒದ್ದು ಹಾಕ್ತಾರೆ” ಎಂದು ಹೇಳಿ ನಕ್ಕಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ನಿನ್ನ ಸೊಸೆ, “ಮಳೆಗೆ ಮರ ಊದಿಕೊಂಡಿರುತ್ತೆ, ಅದಕ್ಕೂ ಮುಖ ಸಪ್ಪಗೆ ಮಾಡ್ಕೊಂಡ್ರೆ ಹೇಗ್ರೀ?” ಎಂದಳು.

ಮೊಳೆಗೆ ಸಿಕ್ಕಿಸಿ ಎಳೆದ ಎರಡು ಹಾಳೆಗಳನ್ನು, ಮೊದಲನೆಯದು ಮತ್ತು ಈ ವಾರದ್ದು, ಸುರುಳಿ ಸುತ್ತಿ ಇದರ ಜೊತೆ ಕಳಿಸುತ್ತಿದ್ದೇನೆ. ನಿನ್ನ ಕಣ್ಣಿಗೆ ಬೇಗ ತಿಳಿಯುತ್ತದೆ. ನಾನು ಹೆದರಿದ್ದೇನೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಒಮ್ಮೆ ನೋಡಿ ‘ಏನೂ ಇಲ್ಲ, ಮಲಗು’ ಎಂದು ಬರೆದರೆ ಮಲಗುತ್ತೇನೆ.

ನಿನ್ನ ಮಗ

*

ಜುಲೈ 8

ಮಗನೇ,

ಏನೂ ಇಲ್ಲ, ಮಲಗು.

ನಿನ್ನ ಸುರುಳಿ ಬಂತು. ಬೀರುವಿನ ಮೇಲಿಟ್ಟಿದ್ದೇನೆ. ಇಲ್ಲಿ ಕೂಸಿಗೆ ಹೊಟ್ಟೆನೋವು, ತಂಗಿಗೆ ನಿದ್ದೆಯಿಲ್ಲ, ಅಳಿಯನಿಗೆ ದಿನ ಬಿಟ್ಟು ದಿನ ಹೊರಗಿನ ಡ್ಯೂಟಿ. ನನಗೆ ತಲೆ ಬಾಚಿಕೊಳ್ಳಲು ಪುರುಸೊತ್ತಿಲ್ಲ, ನಿನ್ನ ಗೆರೆ ಎಲ್ಲಿ ನೋಡಲಿ? ನೋಡಬೇಕಾಗಿಯೂ ಇಲ್ಲ. ಆ ಮೊಳೆಗಳ ಹಣೆಬರಹ ನನಗೆ ಗೊತ್ತು.

ಸಾಹೇಬರು ಹೋದ ವಾರ ಫೋನು ಮಾಡಿದ್ದರು. “ನಿಮ್ಮ ಮಗ ಒಳ್ಳೆಯವನೇ, ಆದ್ರೆ ಭೂತ ನೋಡ್ತಾನಮ್ಮ” ಎಂದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆ ಓಣಿಯಲ್ಲಿ ನಾನೊಬ್ಬಳೇ ಎಷ್ಟು ವರ್ಷ ಕೂತಿದ್ದೇನೆ, ಕರೆಂಟು ಹೋದಾಗ ಕತ್ತಲೆಯಲ್ಲೇ ಹಾಡಿಕೊಂಡು ಕೂತಿದ್ದೇನೆ. ನಿನ್ನನ್ನು ಹೆತ್ತದ್ದೂ ನಾನೇ. ಎಲ್ಲಿ ಹದ ತಪ್ಪಿತೋ.

ಇನ್ನು ಮೊಳೆಯ ಮಾತು ಬರೆಯಬೇಡ. ಅಜ್ಜನಿಗೆ ಕೂಡಿಸು, ಕೆಲಸ ಕಾಯಂ ಮಾಡಿಸಿಕೋ.

ಅಮ್ಮ

*

ಜುಲೈ 30

ಅಮ್ಮ,

ನೀನು ಖುಷಿಪಡುವ ಸುದ್ದಿ. ಈ ತಿಂಗಳ ಹಾಳೆಗಳು ಗೆರೆಗೆ ಗೆರೆ ಕೂತಿವೆ. ಸಾಹೇಬರು ಮೇಲಿನಿಂದ ಬಂದವರಿಗೆ ತೋರಿಸಿ, “ಈಗ ಅಮ್ಮನ ಕೈ ಬಂತು ನೋಡಿ” ಎಂದರು. ಕಾಯಂ ಆಗುವ ಕಾಗದ ಸದ್ಯದಲ್ಲೇ ಬರುತ್ತದಂತೆ. ಮೊಳೆಯ ಹಾಳೆ ಎಳೆಯುವುದನ್ನು ಬಿಟ್ಟಿದ್ದೇನೆ. ಈಗ ಹೆದರಿಕೆಯಿಲ್ಲ. ಮೊನ್ನೆ ಓಣಿಯಲ್ಲಿ ನಾನೂ ಹಾಡಿದೆ. ಶ್ರುತಿಯ ವಿಷಯ ಕೇಳಬೇಡ.

ಗುಬ್ಬಿಯ ಕ್ಲಾಸನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ. ಮುಂದಿನ ಕೋಣೆಯ ಬಾಗಿಲು ಈಗ ಒದ್ದರೂ ಹಾಕಲಾಗುವುದಿಲ್ಲವಂತೆ. ಹಿಂದಿನದು ಗುಡ್ಡಕ್ಕೆ ಅಂಟಿಕೊಂಡಿದೆ, ಆದರೆ ಸೋರುವುದಿಲ್ಲ. ಅವಳಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿದೆ.

ನಿನ್ನ ಮಗ

*

ಆಗಸ್ಟ್ 9

ಮಗು,

ಓದುತ್ತ ನಿಲ್ಲಬೇಡ. ಮೊದಲು ಹೋಗಿ ಗುಬ್ಬಿಯನ್ನು ಶಾಲೆಯಿಂದ ಕರೆದುಕೊಂಡು ಬಾ. ಆಮೇಲೆ ಮುಂದಿನದು ಓದು.

ನಿನ್ನೆ ಗಾಳಿಗೆ ಇಲ್ಲಿಯ ಕಿಟಕಿಯ ಗಾಜು ಒಡೆಯಿತು. ಕೂಸಿಗೆ ಎರಚಲು ಹೊಡೆಯುತ್ತದೆಂದು ಕೈಗೆ ಸಿಕ್ಕಿದ ನಿನ್ನ ಹಾಳೆಗಳನ್ನೇ ಬಿಚ್ಚಿ ಒಂದರ ಮೇಲೊಂದು ಅಂಟಿಸಿದೆ. ಮೊಳೆಯ ತೂತುಗಳು ಒಂದರ ಮೇಲೊಂದು ಬರುವಂತೆ ಇಟ್ಟೆ, ಅಂಚು ಸರಿಯಾಗಿ ಕೂರಲೆಂದು. ಬೆಳಿಗ್ಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿ ನಿಂತಿದ್ದೆ. ಬಿಸಿಲು ಹಾಳೆಯ ಹಿಂದಿನಿಂದ ಬಿತ್ತು. ಇಬ್ಬರು ಅಜ್ಜಂದಿರು ಕಂಡರು.

ಹಾಳೆ ಜಾರಿದೆ ಎಂದೇ ಮೊದಲು ಅಂದುಕೊಂಡೆ. ಆಮೇಲೆ ಮೂಲೆಯಲ್ಲಿ ನಿನ್ನ ಗೀರು ಕಂಡಿತು. ನಾವೆಲ್ಲ ನಕ್ಕೆವಲ್ಲ, ಅದೇ. ಎರಡು ಹಾಳೆಯಲ್ಲೂ ಅದನ್ನು ಎಳೆದಿದ್ದೀಯ. ಗೀರಿನ ಮೇಲೆ ಗೀರು ಕೂದಲೆಳೆಯಷ್ಟೂ ತಪ್ಪದೆ ಕೂತಿದೆ. ಗೀರು ಗಾಜಿನದು. ಹಾಳೆ ಜಾರಿದ್ದರೆ ಗೀರೂ ಜಾರಬೇಕಿತ್ತು. ಗಾಜು ಅಲ್ಲಾಡಿಲ್ಲ, ಹಾಳೆ ಅಲ್ಲಾಡಿಲ್ಲ, ನಿನ್ನ ಕೈ ನಡುಗಿಲ್ಲ. ಸತ್ತವನು ತಾನಾಗಿ ನಡೆಯುವುದಿಲ್ಲ ಮಗು, ಅವನನ್ನು ಮಣ್ಣು ಹೊತ್ತುಕೊಂಡು ಹೋಗುತ್ತಿದೆ. ಇಡೀ ತೋಟ ಕೆಳಗಿಳಿಯುತ್ತಿದೆ. ಕೊಳವೆ ಬಾಗಿದ್ದು ಅದಕ್ಕೆ, ಶಾಲೆಯ ಬಾಗಿಲು ಬಿಗಿದದ್ದೂ ಅದಕ್ಕೇ ಇರಬೇಕು.

ನಾವು ಅಜ್ಜನಿಗೆ ಕೂಡಿಸಿ ಕೂಡಿಸಿ ಗುಡ್ಡದ ನಡಿಗೆಯನ್ನೇ ಅಳಿಸುತ್ತ ಬಂದೆವು. ನನ್ನ ಕಾಲದಲ್ಲೂ ಅದು ನಡೆಯುತ್ತಿತ್ತೋ ಏನೋ, ಇನ್ನು ತಿಳಿಯುವ ದಾರಿಯಿಲ್ಲ.

ಬೆಳಿಗ್ಗೆಯಿಂದ ಆಫೀಸಿಗೆ ಫೋನು ಮಾಡುತ್ತಿದ್ದೇನೆ. ಸದ್ದೇ ಇಲ್ಲ. ಮಳೆಗೆ ಲೈನು ಕಡಿದಿದೆ, ಯಾವಾಗ ಸರಿಹೋಗುತ್ತದೋ ಗೊತ್ತಿಲ್ಲ ಎನ್ನುತ್ತಾರೆ. ನಾನೇ ಹೊರಟುಬಿಡುತ್ತಿದ್ದೆ. ತಂಗಿಗೆ ಜ್ವರ ಏರಿದೆ, ಅಳಿಯ ಊರಲ್ಲಿಲ್ಲ, ಕೂಸನ್ನು ಯಾರ ಕೈಗೆ ಕೊಡಲಿ? ಅಂಚೆಗೆ ಹಾಕಿದರೆ ಎಂದು ಮುಟ್ಟುತ್ತದೋ. ಪಕ್ಕದ ಮನೆಯಾಕೆ ಬಸ್ ನಿಲ್ದಾಣಕ್ಕೆ ಓಡುತ್ತಿದ್ದಾಳೆ, ನಿಮ್ಮ ಕಡೆಯ ಡ್ರೈವರ್ ಕೈಗೇ ಇದನ್ನು ಕೊಡುತ್ತಾಳೆ.

ಕಿಟಕಿಯ ಪಕ್ಕದ ಜಾಗ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನನಗೆ ಹೆದರಿಕೆಯಾಗುತ್ತಿದೆ. ಇದು ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀನು ಚಿಕ್ಕವನಿದ್ದಾಗಿನಿಂದ ಇದನ್ನು ಹೊತ್ತುಕೊಂಡೇ ಓಡಾಡುತ್ತಿದ್ದೆಯಾ?

ನೆಲ ಡೊಂಕೇ ಇತ್ತು ಮಗು. ಹೋಗು, ಓಡು.

ಅಮ್ಮ

*

ಆಗಸ್ಟ್ 14

ಅಮ್ಮ,

ಗುಬ್ಬಿ ನನ್ನ ಪಕ್ಕದಲ್ಲೇ ಇದ್ದಾಳೆ. ನಿನ್ನ ಸೊಸೆ ಒಲೆಯ ಮುಂದಿದ್ದಾಳೆ. ನಮ್ಮ ಮನೆ ರಸ್ತೆಯಾಚೆ ಇದ್ದದ್ದಕ್ಕೆ ಉಳಿಯಿತು. ಇದನ್ನು ಮೊದಲು ಓದಿ ಉಸಿರು ಬಿಡು. ಫೋನು ಇನ್ನೂ ಸರಿಹೋಗಿಲ್ಲ, ಇದನ್ನೂ ಬಸ್ಸಿಗೇ ಕೊಡುತ್ತೇನೆ.

ಜುಲೈ ಪತ್ರದಲ್ಲಿ ಹೆದರಿಕೆಯಿಲ್ಲ ಎಂದು ಬರೆದೆನಲ್ಲ, ಸುಳ್ಳು. ಮೊಳೆಯ ಹಾಳೆ ಬಿಟ್ಟದ್ದು ನಿಜ. ಆದರೆ ಬಿಟ್ಟ ದಿನವೇ ನಿನ್ನ ಸೊಸೆಯ ಉಗುರುಬಣ್ಣ ಕದ್ದುಕೊಂಡು ಹೋಗಿ ಅಜ್ಜನ ತುದಿಗೆ ಸರಿಯಾಗಿ ಗಾಜಿನ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟಿದ್ದೆ. ದಿನಾ ನೋಡುತ್ತಿದ್ದೆ. ಅಜ್ಜ ಚುಕ್ಕೆಯಿಂದ ದೂರ ಹೋಗುತ್ತಿದ್ದ. ನಾನು ಯಾರಿಗೂ ಹೇಳುತ್ತಿರಲಿಲ್ಲ. ನೀನು, ಸಾಹೇಬರು, ನಿನ್ನ ಸೊಸೆ ಎಲ್ಲರೂ ಇಲ್ಲ ಎನ್ನುವಾಗ ನನಗೇ ಏನೋ ಆಗಿದೆ ಎಂದುಕೊಂಡಿದ್ದೆ.

ಡ್ರೈವರ್ ಪತ್ರ ಕೊಟ್ಟಾಗ ನಾನು ತೋಟದ ಬಾಗಿಲಲ್ಲಿದ್ದೆ. ನೀನು ಹೇಳಿದಂತೆ ಮಾಡಲಿಲ್ಲ, ಪೂರ್ತಿ ಓದಿ ಮೊದಲು ಬೇರುಮನೆಗಿಳಿದೆ, ಬಯ್ಯಬೇಡ. ಹಿಂದಿನ ದಿನ ಚುಕ್ಕೆಗೂ ಅಜ್ಜನಿಗೂ ನಡುವೆ ಎರಡು ಬೆರಳು ಹಿಡಿಯುತ್ತಿತ್ತು. ಈಗ ಅಂಗೈ ಪೂರ್ತಿ ಇಟ್ಟರೂ ಮುಟ್ಟಲಿಲ್ಲ. ನಾನು ನೋಡುತ್ತಿದ್ದಂತೆ ಮೂಲೆಯ ಗೀರು ಉದ್ದವಾಯಿತು. ಸಾಹೇಬರು ತಮಾಷೆಗೆ ಕೇಳಿದ್ದರಲ್ಲ, ಗೀರು ಬೆಳೆಯುತ್ತಾ ಎಂದು. ಬೆಳೆಯಿತು ಅಮ್ಮ, ಟಿಕ್ ಎಂದು ಸದ್ದು ಮಾಡಿಕೊಂಡು.

ಆಫೀಸಿಗೆ ಓಡಿದೆ. ಸಾಹೇಬರು, “ಸತ್ತ ಬೇರು ನಡೆಯುತ್ತೇನ್ರೀ?” ಎಂದರು.

“ಇಲ್ಲ ಸಾರ್. ಅದಕ್ಕೇ ಹೇಳ್ತಿರೋದು,” ಎಂದೆ.

ಅವರು ಮೇಲಿನವರಿಗೆ ಬರೆಯೋಣ ಎಂದು ಕಾಗದ ತೆಗೆದರು. ನಾನು ಕೆಳಗೆ ಶಾಲೆಗೆ ಓಡಿದೆ. ದೊಡ್ಡ ಟೀಚರು, “ಹೀಗೆಲ್ಲ ಮಕ್ಕಳನ್ನ ಆಚೆ ಬಿಡೋಕಾಗಲ್ಲ, ಆರ್ಡರ್ ಬೇಕು. ನಿಮ್ಮ ಮಗಳನ್ನ ಬೇಕಾದ್ರೆ ಕರ್ಕೊಂಡ್ಹೋಗಿ” ಎಂದರು. ಗುಬ್ಬಿಯ ಕೈ ಹಿಡಿದುಕೊಂಡೆ. ಅವಳ ಪಕ್ಕ ಕೂತ ಹುಡುಗಿ, “ನಾನೂ ಬರ್ಲಾ ಅಂಕಲ್?” ಎಂದಳು.

ಆಗ ನನಗೆ ಬೇರೇನೂ ಹೊಳೆಯಲಿಲ್ಲ. “ಹಾವು!” ಎಂದು ಕಿರುಚಿಕೊಂಡೆ. “ಹಾವು, ಬೆಂಚಿನ ಕೆಳಗೆ ಹಾವು!”

ನಾನು ಪುಕ್ಕಲ ಎಂದು ಊರಿಗೇ ಗೊತ್ತು. ಆದರೆ ಹಾವು ಎಂದಾಗ ಯಾರು ಹೇಳಿದರೆಂದು ಯೋಚಿಸುತ್ತ ಯಾರೂ ನಿಲ್ಲುವುದಿಲ್ಲ. ಇಡೀ ಶಾಲೆ ರಸ್ತೆ ದಾಟಿ ಆಚೆಯ ಮೈದಾನಕ್ಕೆ ಓಡಿತು, ಟೀಚರುಗಳೂ ಸೇರಿ. ಸ್ವಲ್ಪ ಹೊತ್ತಿಗೆ ದೊಡ್ಡ ಟೀಚರಿಗೆ ಅನುಮಾನ ಬಂತು. ಮಕ್ಕಳನ್ನು ಸಾಲು ನಿಲ್ಲಿಸಿ ಒಳಗೆ ಕಳಿಸಲು ಹೊರಟರು. ನಾನು ಅಡ್ಡ ನಿಂತು, “ಒಂದಲ್ಲ ಮೇಡಂ, ಎರಡಿತ್ತು” ಎಂದೆ. ಮಕ್ಕಳು ನಕ್ಕರು. ಗುಬ್ಬಿ ನಾಚಿಕೆಯಿಂದ ನನ್ನ ಕೈ ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.

ಅವರು ನನ್ನನ್ನು ಬಯ್ಯುತ್ತಿದ್ದಂತೆ ಮೇಲೆ ಅಂಜೂರದ ಮರಗಳೆಲ್ಲ ಒಟ್ಟಿಗೆ ಒಂದು ಕಡೆಗೆ ವಾಲಿದವು. ಗಾಳಿ ಇರಲಿಲ್ಲ. ಆಮೇಲೆ ಗುಡ್ಡ ಇಳಿದು ಬಂತು. ಹಿಂದಿನ ಕೋಣೆಗಳು ಈಗ ಇಲ್ಲ. ಬೇರುಮನೆಯ ಬಾಯಿ ಎಲ್ಲಿತ್ತೋ ಗುರುತೇ ಸಿಗುವುದಿಲ್ಲ. ಸಾಹೇಬರು ಬದುಕಿದ್ದಾರೆ, ಆಫೀಸು ಗುಡ್ಡದ ಆ ಕಡೆ ಇದೆಯಲ್ಲ.

ಒಂದು ಮಾತು ಬರೆಯದೆ ಬಿಟ್ಟೆ. ಮಕ್ಕಳು ಹೊರಗೆ ಓಡುವಾಗ ಪ್ಯೂನ್ ತಾತ ಕೋಲು ಹಿಡಿದು ಒಳಗೆ ಹೋಗಿದ್ದರು, ಹಾವು ಹೊಡೆಯಲು. ನಾನು ನೋಡಲಿಲ್ಲ. ನೋಡಿದ್ದರೆ ತಡೆಯುತ್ತಿದ್ದೆ, ನಿನ್ನಾಣೆ. ಮಾರನೆಯ ದಿನ ತೊಲೆಯ ಕೆಳಗಿನಿಂದ ಅವರನ್ನು ಹೊರತೆಗೆದರು. ಜೀವ ಇದೆ. ಎರಡೂ ಕಾಲು ಹೋಗಿವೆ. ಆಸ್ಪತ್ರೆಯಲ್ಲಿ ನನ್ನನ್ನು ಕಂಡ ತಕ್ಷಣ ಕೇಳಿದರು, “ಹಾವು ಸಿಕ್ತೇನಪ್ಪಾ?”

ನಾನು ತಲೆಯಾಡಿಸಿ ಬಂದುಬಿಟ್ಟೆ. ಯಾವ ಕಡೆಗೆ ಆಡಿಸಿದೆನೋ ನನಗೇ ಗೊತ್ತಿಲ್ಲ. ಊರವರೆಲ್ಲ ಧೈರ್ಯವಂತ ಎನ್ನುತ್ತಿದ್ದಾರೆ. ನಾಳೆ ಮತ್ತೆ ಆಸ್ಪತ್ರೆಗೆ ಹೋಗಬೇಕು. ಹೋಗಲಾರೆ ಅಮ್ಮ.

ನಿನ್ನ ಮಗ

*

ಆಗಸ್ಟ್ 17

ಮಗು,

ತಂಗಿಗೆ ಜ್ವರ ಬಿಟ್ಟಿದೆ, ಅಳಿಯ ಬಂದಿದ್ದಾನೆ. ನಾಡಿದ್ದಿನ ಬಸ್ಸಿಗೆ ಹೊರಡುತ್ತೇನೆ. ನಾವಿಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗೋಣ. ಹಾವು ಇರಲಿಲ್ಲ ಎಂದು ನೀನು ಹೇಳು. ಗುಡ್ಡ ನಡೆಯುತ್ತಿದೆ ಎಂದು ಮಗ ಎರಡು ತಿಂಗಳ ಹಿಂದೆಯೇ ಬರೆದಿದ್ದ, ನಾನು ಬೀರುವಿನ ಮೇಲಿಟ್ಟೆ ಎಂದು ನಾನು ಹೇಳುತ್ತೇನೆ. ಆತ ಬೈದರೆ ಇಬ್ಬರೂ ಬೈಸಿಕೊಳ್ಳೋಣ. ಹೆದರಿಕೆಯಾದರೆ ಹೆದರಿಕೊಂಡೇ ಬಾ, ನಾನೂ ಹಾಗೇ ಬರುತ್ತೇನೆ.

ಕಿಟಕಿಗೆ ಹೊಸ ಗಾಜು ಹಾಕಿಸಿದರು. ನಿನ್ನ ಹಾಳೆಗಳನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ, ಗಾಜಿನ ಮೇಲೇ ಇವೆ. ದಿನಾ ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಈ ಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡುತ್ತೇನೆ. ತಂಗಿ ನಗುತ್ತಾಳೆ. ನಗಲಿ.

ನಿನಗೆ ಧೈರ್ಯ ಕಲಿಸಬೇಕೆಂದು ಇಷ್ಟು ವರ್ಷ ಬಡಿದಾಡಿದೆ. ಸದ್ಯ, ನೀನು ಕಲಿಯಲಿಲ್ಲ.

ಅಮ್ಮ